ಬಾಕಿ ಸೊನ್ನೆ

ಸೋಮವಾರ ಸಂಜೆ ಏಳು ದಾಟಿದ ಮೇಲೆ ಅನುದಾನ ಕಚೇರಿಯ ಶಾಖಾಧಿಕಾರಿ ಠಾಣೆಯ ಮೆಟ್ಟಿಲು ಹತ್ತಿದರು. ಅಂಗಿಯ ಕಾಲರಿನ ಮೇಲೆ ಬೂದಿ ಕೂತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೇಜಿನ ಅಂಚಿಗೆ ಒರಗಿ ನಿಂತೇ ದೂರು ಬರೆದರು. ಆರೂವರೆಯ ಸುಮಾರಿಗೆ ಕಚೇರಿಯ ದಾಖಲೆ ಕೋಣೆಗೆ ಬೆಂಕಿ ಬಿದ್ದಿದೆ, ಅಗ್ನಿಶಾಮಕ ದಳದವರು ಬಂದು ಆರಿಸಿದ್ದಾರೆ, ಒಳಗೆ ಸಿಕ್ಕಿಕೊಂಡ ಕಾವಲುಗಾರ ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದ್ದಾನೆ, ಅವನು ಸೇದಿ ಎಸೆದ ಸಿಗರೇಟಿನಿಂದಲೇ ಬೆಂಕಿ ಹತ್ತಿರಬಹುದೆಂಬ ಅನುಮಾನವಿದೆ. ದೂರಿನ ಸಾರ ಇಷ್ಟು.

ಇನ್‌ಸ್ಪೆಕ್ಟರ್ ಎರಡು ಸಲ ಓದಿದರು.

“ಅವನು ಸಿಗರೇಟು ಸೇದ್ತಾನಾ?”

“ಕಾವಲುಗಾರರು ಸೇದೋದು ಸಾಮಾನ್ಯ ಅಲ್ವಾ ಸರ್?”

“ನಾನು ಕೇಳಿದ್ದು ಇವನು ಸೇದ್ತಾನಾ ಅಂತ.”

“ಅದು... ನಾನು ಈ ಶಾಖೆಗೆ ಬಂದು ಎರಡು ತಿಂಗಳಷ್ಟೇ ಆಯ್ತು. ನೋಡಿಲ್ಲ.”

“ನೋಡಿಲ್ಲ ಅಂದ್ಮೇಲೆ ಬರೀಬೇಡಿ. ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ.”

ಶಾಖಾಧಿಕಾರಿ ಸಾಲು ಹೊಡೆದರು. ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಠಾಣೆಯ ಬರಹಗಾರ ‘ಅಪರಿಚಿತ’ ಎಂದು ಬರೆದ.

ಈ ಇನ್‌ಸ್ಪೆಕ್ಟರು ದನಿ ಏರಿಸಿದ್ದನ್ನು ಕೇಳಿದವರು ಠಾಣೆಯಲ್ಲಿ ಇರಲಿಲ್ಲ. ಬೆಳಗ್ಗೆ ಕುರ್ಚಿಯಲ್ಲಿ ಕೂರುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ತಪ್ಪಿಲ್ಲದವನಿಗೆ ಇವತ್ತು ನನ್ನ ಕೈಯಿಂದ ನೋವಾಗದಿರಲಿ ಎಂದು ಬೇಡಿಕೊಳ್ಳುತ್ತಾರಂತೆ. “ತಪ್ಪು ಮಾಡಿದವನನ್ನ ದೇವರು ನನ್ನ ಪಾಲಿಗೆ ಬಿಟ್ಟಿದ್ದಾನೆ” ಎಂದು ದಫೇದಾರ ಹೊಸದಾಗಿ ಸೇರಿದವರ ಮುಂದೆ ಮೀಸೆ ತಿರುವುತ್ತಿದ್ದ. ಹಾಗೆ ಹೇಳಿಕೊಂಡು ತಿರುಗುವ ದಫೇದಾರನಿಗೆ ಬೀದಿನಾಯಿಯನ್ನೂ ಗದರಿ ಅಭ್ಯಾಸವಿರಲಿಲ್ಲ.

ಮಂಗಳವಾರ ಬೆಳಗ್ಗೆ ಸ್ಥಳ ಪಂಚನಾಮೆ ನಡೆಯಿತು. ಎದುರಿನ ಚಹಾ ಅಂಗಡಿಯವನೂ ಪಕ್ಕದ ಜೆರಾಕ್ಸ್ ಅಂಗಡಿಯವನೂ ಪಂಚರಾಗಿ ನಿಂತರು. ಕಚೇರಿಯೆಂದರೆ ರಸ್ತೆಗೆ ಮುಖ ಮಾಡಿದ ಒಂದು ಹಜಾರ. ಅದರಲ್ಲಿ ನಾಲ್ಕು ಮೇಜು, ಅರ್ಜಿದಾರರು ಕೂರಲು ಒಂದು ಉದ್ದನೆಯ ಬೆಂಚು. ಹಿಂದುಗಡೆ ದಾಖಲೆ ಕೋಣೆ. ಅದಕ್ಕೆ ಎರಡು ಬಾಗಿಲು, ಒಂದು ಹಜಾರಕ್ಕೆ, ಇನ್ನೊಂದು ನಲ್ಲಿಯಿರುವ ಹಿತ್ತಲಿಗೆ. ಹಜಾರಕ್ಕೆ ಹೊಗೆ ಬಡಿದಿತ್ತೇ ಹೊರತು ಬೆಂಕಿ ತಾಗಿರಲಿಲ್ಲ. ದಾಖಲೆ ಕೋಣೆಯ ಕಬ್ಬಿಣದ ಕಪಾಟುಗಳು ಬಾಗಿ ನಿಂತಿದ್ದವು. ಕಾಲಿಟ್ಟಲ್ಲೆಲ್ಲ ನೆಂದ ಬೂದಿ ಪಚಕ್ಕೆನ್ನುತ್ತಿತ್ತು.

ಅಗ್ನಿಶಾಮಕ ದಳದ ಅಧಿಕಾರಿ ಗೋಡೆಯ ತಂತಿಗಳನ್ನು ತೋರಿಸಿದರು. “ವಿದ್ಯುತ್ತಿನ ತಪ್ಪಲ್ಲ ಸರ್. ಈ ಕೋಣೆಯ ಮೇನ್ ಸ್ವಿಚ್ಚೇ ಆಫ್ ಆಗಿತ್ತು. ಬೆಂಕಿ ಇಲ್ಲಿಂದ ಎದ್ದಿದೆ, ಈ ಕಪಾಟಿನ ಬುಡದಿಂದ.” ಬುಡದಲ್ಲಿ ಕಡತ ಹೊರುವ ತಗಡಿನ ಟ್ರೇ ಇತ್ತು. ಟ್ರೇ ತುಂಬ ಬೂದಿ.

ಇನ್‌ಸ್ಪೆಕ್ಟರ್ ಟ್ರೇಯ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರು.

“ದಫೇದಾರ್ರೇ, ಒಂದು ಕಟ್ಟಡ ಸುಡ್ಬೇಕು ಅಂತ ಬಂದೋನು ಏನು ಮಾಡ್ತಾನೆ?”

“ಸೀಮೆಣ್ಣೆ ಸುರೀತಾನೆ ಸರ್.”

“ಇವನು ಟ್ರೇ ಇಟ್ಟಿದ್ದಾನೆ. ಮೊದಲು ಮೇನ್ ಆಫ್ ಮಾಡಿದ್ದಾನೆ.”

“ಹಾಗಾದ್ರೆ ಒಲೆ ಹಚ್ಚೋಕೆ ಬಂದಿದ್ದ ಅನ್ನಿ.”

“ಹೂಂ. ಇಷ್ಟೇ ಸುಡ್ಲಿ, ಬೇರೆಯವರಿಗೆ ಏನೂ ಆಗದಿರ್ಲಿ ಅನ್ನೋ ಕೈ ಇದು. ಸ್ವಿಚ್ಚು ಎಲ್ಲಿದೆ ಅಂತ ಗೊತ್ತಿರೋ ಕೈ.” ಇನ್‌ಸ್ಪೆಕ್ಟರ್ ಎದ್ದು ಮೊಣಕಾಲು ಒತ್ತಿಕೊಂಡರು. “ಒಳಗಿನವರದು.”

ಕೋಣೆಯ ಬೀಗಕ್ಕೆ ಎರಡು ಕೀಲಿಕೈ. ಒಂದು ಶಾಖಾಧಿಕಾರಿಯ ಬಳಿ. ಅವರು ಸೋಮವಾರ ಸಂಜೆ ಮೇಲಧಿಕಾರಿಗಳ ಸಭೆಯಲ್ಲಿದ್ದದ್ದನ್ನು ಹನ್ನೆರಡು ಜನ ನೋಡಿದ್ದರು. ಇನ್ನೊಂದು ವಿಷಯ ನಿರ್ವಾಹಕಿಯ ಬಳಿ. ಅರ್ಜಿ ತೆಗೆದುಕೊಂಡು ಕಂಪ್ಯೂಟರಿಗೆ ಏರಿಸುವ ಕೆಲಸ ಅವಳದು. ಬೆಂಚಿನ ಮೇಲೆ ಕೂರುವ ಜನ ಅವಳನ್ನು ‘ಕಂಪ್ಯೂಟರ್ ಅಕ್ಕ’ ಎಂದೇ ಕರೆಯುತ್ತಿದ್ದರು. ಅವಳ ಮೇಜು ಹಜಾರದ ಕೊನೆಯಲ್ಲಿತ್ತು. ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಹೊಳೆಯುವ ಒಂದು ಫಲಕ: ‘ಅತ್ಯುತ್ತಮ ಶಾಖೆ. ಬಾಕಿ ಸೊನ್ನೆ.’ ಕುರ್ಚಿ ಖಾಲಿ. ಕುರ್ಚಿಯ ಮೇಲಾಗಲಿ ಮೇಜಿನ ಮೇಲಾಗಲಿ ಬೇರೇನೂ ಇಲ್ಲವೆಂದು ಬರಹಗಾರ ಪಂಚನಾಮೆಯಲ್ಲಿ ಸೇರಿಸಿದ.

“ಇಡೀ ಇಲಾಖೆಗೇ ನಾವು ಮೊದಲು ಸರ್,” ಶಾಖಾಧಿಕಾರಿ ಹೇಳಿದರು. “ಹೊಸ ಪೋರ್ಟಲ್ ಬಂದ್ಮೇಲೆ ನಮ್ಮಲ್ಲಿ ಒಂದು ಅರ್ಜಿನೂ ಬಾಕಿ ಇಲ್ಲ. ಹೋದ ತಿಂಗಳು ವೇದಿಕೆ ಮೇಲೆ ಕರೆದು ಕೊಟ್ರು. ಎಲ್ಲ ಅವಳ ಕೈಗುಣ.”

ಪಂಚರು ಸಹಿ ಹಾಕುವ ಹೊತ್ತಿಗೆ ಗೇಟಿನ ಬಳಿ ಒಬ್ಬ ಹೆಂಗಸು ಬಂದು ನಿಂತಿದ್ದಳು. ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟವಳು. ಅವಳ ಬೆರಳು ಹಿಡಿದು ಒಂದು ಹೆಣ್ಣುಮಗು. ದಫೇದಾರ ಸೀಟಿ ಊದಿ ಜನ ಚದುರಿಸಿದಾಗ ಎಲ್ಲರೂ ತಿರುಗಿ ನೋಡಿದರು, ಮಗು ನೋಡಲಿಲ್ಲ.

“ಸರ್, ಅರ್ಜಿಗಳು ಸುಟ್ಟೋದ್ವಾ?”

“ನಿಮ್ಮದು ಏನಿತ್ತಮ್ಮ?”

“ಇವಳ ಕಿವಿದು. ಒಳಗೆ ಯಂತ್ರ ಕೂರಿಸ್ತಾರಂತೆ, ಆಪರೇಷನ್ನು. ಆರು ವರ್ಷ ತುಂಬೋದ್ರೊಳಗೆ ಅರ್ಜಿ ಕೊಡ್ಬೇಕು ಅಂದ್ರು. ಐದೂ ಮುಕ್ಕಾಲಾಗಿದ್ದಾಗ ಕೊಟ್ಟಿದ್ದೀನಿ. ಈಗ ಆರು ದಾಟ್ತು. ಈಗ ಹೊಸದಾಗಿ ಕೊಡಿ ಅಂದ್ರೆ ಎಲ್ಲಿಂದ ತರ್ಲಿ ಸರ್ ಹೋದ ವಯಸ್ಸನ್ನ?”

“ಎಲ್ಲ ಕಂಪ್ಯೂಟರ್‌ನಲ್ಲಿ ಇರುತ್ತಂತೆ. ಹೆದರ್ಬೇಡಿ.”

“ಅಕ್ಕ ಕೂಡ ಹಾಗೇ ಅಂದಿದ್ರು,” ಎಂದಳು ಅವಳು. ಹೆದರಿಕೆ ಮಾತ್ರ ಮುಖದಲ್ಲಿ ಹಾಗೇ ಇತ್ತು.

ಕಂಪ್ಯೂಟರ್ ಅಕ್ಕ ಆಸ್ಪತ್ರೆಯಲ್ಲಿದ್ದಳು. ಕಾವಲಿನ ಮುದುಕನಿಗೆ ತನ್ನವರೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕಚೇರಿಯವರಿಗೆಲ್ಲ ಅವನು ‘ತಾತ’. ಸೋಮವಾರದಿಂದ ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳೇ ಕೂತಿದ್ದಳು. ನಲವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಒಂದು ಕೂದಲೂ ಅತ್ತಿತ್ತ ಹೋಗದಂತೆ ಬಾಚಿದ ತಲೆ. ತಾತನ ಎರಡೂ ಕೈಗಳಿಗೆ ಬಿಳಿ ಬಟ್ಟೆ ಸುತ್ತಿದ್ದರು. ಅವಳು ಊಟದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು.

ಇನ್‌ಸ್ಪೆಕ್ಟರ್ ಅವಳನ್ನು ವರಾಂಡಕ್ಕೆ ಕರೆದರು.

“ಸೋಮವಾರ ಎಷ್ಟು ಹೊತ್ತಿಗೆ ಹೊರಟ್ರಿ?”

“ಐದೂವರೆಗೆ ಸರ್.”

“ಕೀಲಿಕೈ?”

“ದಿನದ ಹಾಗೇ ಗೋಡೆ ಮೊಳೆಗೆ ನೇತುಹಾಕಿ ಹೊರಟೆ.”

“ನೇರ ಮನೆಗಾ?”

“ಹೌದು ಸರ್.”

“ಬೆಂಕಿ ಸುದ್ದಿ ಯಾರು ಹೇಳಿದ್ರು?”

“ಜನ ಕೂಗ್ತಿದ್ರು.”

“ಮನೆ ಎಲ್ಲಿ?”

“ಸೇತುವೆ ಆಚೆ.”

ಸೇತುವೆ ಆಚೆಗೆ ಕಚೇರಿ ಬಳಿಯ ಕೂಗು ಕೇಳಿಸುವುದಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಅವಳು ಕೈಗಳನ್ನು ಒಂದರೊಳಗೊಂದು ಹಿಸುಕುತ್ತಿದ್ದುದನ್ನು ನೋಡಿದರು. ಆಸ್ಪತ್ರೆಯಲ್ಲಿ ಕೈ ಹಿಸುಕದವರು ಯಾರಿದ್ದಾರೆ ಎಂದುಕೊಂಡು ಒಳಗೆ ಹೋದರು.

ವೈದ್ಯರ ಎದುರಿಗೇ ತಾತನ ಹೇಳಿಕೆ ಪಡೆದರು. ಹೊಗೆ ಕುಡಿದ ಗಂಟಲು, ಮಾತು ಒಡೆದು ಒಡೆದು ಬರುತ್ತಿತ್ತು.

“ತಾತ, ಸಿಗರೇಟು ಸೇದ್ತೀರಾ?”

“ಅದೊಂದು ಚಟ ಕಲೀದೇ... ಮುದುಕ ಆದೆ ನೋಡಿ.” ನಗಲು ಹೋಗಿ ಕೆಮ್ಮಿದ. “ಈಗ ಒಂದೇ ಸಲಕ್ಕೆ ಎಲ್ಲ ಹೊಗೆ ಕುಡಿಸಿಬಿಟ್ಟ ದೇವರು.”

“ಒಳಗೆ ಯಾಕೆ ಹೋದ್ರಿ? ಹೊರಗೆ ನಿಂತು ಕೂಗಬಹುದಿತ್ತಲ್ಲ?”

“ಅಕ್ಕ ಒಳಗಿದ್ರಲ್ಲ ಸ್ವಾಮಿ.”

ಇನ್‌ಸ್ಪೆಕ್ಟರ್ ಬರೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. “ಒಳಗಿದ್ದದ್ದು ನೋಡಿದ್ರಾ?”

“ಅವರ ಊಟದ ಚೀಲ ಕುರ್ಚಿ ಮೇಲಿತ್ತು. ಚೀಲ ಬಿಟ್ಟು ಯಾವತ್ತೂ ಹೋಗೋರಲ್ಲ. ಬಾಗಿಲಲ್ಲಿ ಹೊಗೆ. ಅಕ್ಕಾ ಅಕ್ಕಾ ಅಂತ ಕೂಗಿದೆ. ಉತ್ತರ ಇಲ್ಲ. ಬಿದ್ದುಬಿಟ್ಟಿದ್ದಾರೆ ಅಂದ್ಕೊಂಡೆ... ಕಪಾಟು ಸಂದಿಯೆಲ್ಲ ತಡಕಾಡಿದೆ.” ಸುತ್ತಿದ ಕೈಯೊಂದು ಹೊದಿಕೆಯ ಮೇಲೆ ಅಲುಗಿತು. “ಪುಣ್ಯಕ್ಕೆ ಅಲ್ಲಿರಲಿಲ್ಲ. ಇಲ್ಲೇ ಇದ್ದಾರಲ್ಲ, ನೋಡಿದ್ರಾ? ಕೂದಲೂ ಕೊಂಕಿಲ್ಲ.”

ಮಂಚದ ಆಚೆಬದಿಯಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದ ಅವಳು ಗೋಡೆಯ ಕಡೆಗೆ ತಿರುಗಿದಳು.

ಜೀಪಿನಲ್ಲಿ ದಫೇದಾರನೇ ಮಾತು ತೆಗೆದ. “ಆರೂವರೆಗೆ ಚೀಲ ಇತ್ತು ಅಂತ ತಾತ. ನಾವು ನೋಡಿದಾಗ ಕುರ್ಚಿ ಖಾಲಿ. ಬೆಂಕಿ ಆರಿಸೋರಿಗೆ ಅಕ್ಕನ ಬುತ್ತಿ ಮೇಲೆ ಆಸೆ ಬಂತಾ ಸರ್?”

“ಇವತ್ತು ಆಸ್ಪತ್ರೆಯಲ್ಲಿ ಅವಳ ಕಾಲ ಹತ್ತಿರ ಇತ್ತಲ್ಲ, ಆ ಚೀಲವೇ.”

“ಹಾಗಾದ್ರೆ ಕರ್ಕೊಂಡು ಬರ್ಲಾ?”

“ಬೇಡ. ಹಚ್ಚಿದ್ದು ಯಾರು ಅನ್ನೋದಕ್ಕೆ ದಾರಿ ಸಿಕ್ತು. ಯಾಕೆ ಅನ್ನೋದಕ್ಕೆ ಇನ್ನೂ ಸಿಕ್ಕಿಲ್ಲ. ಪ್ರಶಸ್ತಿ ತಂದ ಕೋಣೆಗೆ ಪ್ರಶಸ್ತಿ ತಂದವಳೇ ಯಾಕೆ ಬೆಂಕಿ ಇಡ್ತಾಳೆ? ಅಲ್ಲದೆ ಆ ಮುದುಕನಿಗೆ ಹಾಲು ಕುಡಿಸೋರು ಬೇರೆ ಯಾರಿದ್ದಾರೆ?”

ಬುಧವಾರ ಕೇಂದ್ರ ಕಚೇರಿಯಿಂದ ಒಬ್ಬ ಎಂಜಿನಿಯರ್ ಬಂದಳು. ಹೊಸ ಪೋರ್ಟಲ್ ಕಟ್ಟಿದ ತಂಡದವಳು. ಮೊದಲೆಲ್ಲ ಒಂದೊಂದು ಶಾಖೆಯಲ್ಲಿ ಒಂದೊಂದು ಪದ್ಧತಿ, ಅರ್ಜಿ ಕೊಟ್ಟವನು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಿತ್ತು. ಈಗ ಎಲ್ಲ ಶಾಖೆಗಳ ಅರ್ಜಿಯೂ ಒಂದೇ ಕಡೆ ಸೇರುತ್ತದೆ, ಬಂದ ತಾರೀಖಿನ ಸಾಲಿನಲ್ಲಿ ಮಂಜೂರಾಗುತ್ತದೆ. ಅವಳು ಇದನ್ನು ಹೇಳುವಾಗ ತನ್ನ ಮಗುವಿನ ಮೊದಲ ಹೆಜ್ಜೆಯ ಸುದ್ದಿ ಹೇಳುವ ತಾಯಿಯಂತಿದ್ದಳು.

“ಕಾಗದ ಸುಟ್ಟಿದ್ದಕ್ಕೆ ತಲೆ ಕೆಡಿಸಿಕೊಳ್ಬೇಡಿ ಸರ್. ಎಲ್ಲ ಸರ್ವರಿನಲ್ಲಿ ಭದ್ರ.”

“ಹಾಗಾದ್ರೆ ಒಂದು ಹೆಸರು ನೋಡಿ ಹೇಳಿ. ಇಸ್ತ್ರಿ ಅಂಗಡಿಯವರ ಮಗಳು. ಕಿವಿಯ ಆಪರೇಷನ್ನು.”

ಅವಳು ಹಜಾರದ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ಬಿಚ್ಚಿ ಬೆರಳಾಡಿಸಿದಳು. ಮತ್ತೆ ಹುಡುಕಿದಳು. ಹುಬ್ಬು ಗಂಟಾಯಿತು.

“ಇಲ್ಲ ಸರ್.”

“ಈ ಶಾಖೆಯ ಬೇರೆ ಯಾರದ್ದಾದ್ರೂ?”

“ಈ ಶಾಖೆದು...” ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. “ಪೋರ್ಟಲ್ ಶುರುವಾದಾಗಿಂದ ಈ ಶಾಖೆಯಿಂದ ಒಂದು ಅರ್ಜಿನೂ ಬಂದಿಲ್ಲ.”

“ಬಾಕಿ ಸೊನ್ನೆ,” ಎಂದ ದಫೇದಾರ, ಫಲಕದ ಕಡೆ ನೋಡುತ್ತ. “ಬಂದಿದ್ದೇ ಸೊನ್ನೆ ಆದ್ರೆ ಬಾಕಿ ಎಲ್ಲಿಂದ ಬರ್ಬೇಕು? ಹೀಗಾದ್ರೆ ನನ್ನ ಮಗನಿಗೂ ಒಂದು ಫಲಕ ಕೊಡಿ, ಪರೀಕ್ಷೆಗೇ ಹೋಗಿಲ್ಲ, ಒಂದು ವಿಷಯದಲ್ಲೂ ಫೇಲಾಗಿಲ್ಲ.”

ಯಾರೂ ನಗಲಿಲ್ಲ. ಶಾಖಾಧಿಕಾರಿಯ ಮುಖ ಬಿಳಿಚಿತ್ತು. “ದಿನಾ ಬೆಂಚಿನ ತುಂಬ ಜನ ಇರ್ತಿದ್ರಲ್ರೀ. ನನ್ನ ಕಣ್ಣೆದುರಿಗೇ ಅವಳು ಟೈಪ್ ಮಾಡ್ತಿದ್ದಳು.”

ಇಸ್ತ್ರಿ ಅಂಗಡಿಯವಳನ್ನು ಕರೆಸಿದರು. ಅವಳು ಅಂಗಡಿಯ ಕೆಂಡಕ್ಕೆ ಬೂದಿ ಮುಚ್ಚಿ ಓಡೋಡಿ ಬಂದಳು.

“ಅರ್ಜಿ ಕೊಟ್ಟ ದಿನ ಏನಾಯ್ತು, ನೆನಪಿರೋದೆಲ್ಲ ಹೇಳಿ.”

“ಏನಾಗುತ್ತೆ ಸರ್? ಅಕ್ಕ ಕಾಗದ ತಗೊಂಡು ಪಟಪಟ ಒತ್ತಿದ್ರು. ಆಮೇಲೆ ಟಿವಿ ನನ್ನ ಕಡೆ ತಿರುಗಿಸಿ, ‘ನೋಡಿ, ಇದು ನಿಮ್ಮ ಮಗಳ ಹೆಸರು, ಹೋಗಿ ಸೇರ್ತು’ ಅಂದ್ರು. ಎಲ್ಲರಿಗೂ ತೋರಿಸ್ತಾರೆ ಸರ್. ಬೇರೆ ಆಫೀಸಲ್ಲಿ ನಮ್ಮ ಮುಖ ಕೂಡ ನೋಡಲ್ಲ. ನನಗೆ ಓದೋಕೆ ಬರಲ್ಲ, ಆದ್ರೂ ತೋರಿಸಿದ್ರಲ್ಲ ಅಂತ ಖುಷಿಯಾಯ್ತು.”

“ಓದೋಕೆ ಬರ್ದಿದ್ರೆ ಏನು ನೋಡಿದ್ರಿ?”

“ಅಕ್ಷರ ಇತ್ತು. ಮೇಲ್ಗಡೆ ಹಳದಿ ಪಟ್ಟಿ ಇತ್ತು, ಅಗಲವಾಗಿ.”

ಎಂಜಿನಿಯರ್ ತಲೆಯೆತ್ತಿದಳು. “ನೀಲಿ ಅಲ್ವಾ?”

“ಹಳದಿ ಕಣಮ್ಮ. ದಿನವಿಡೀ ಬಟ್ಟೆ ಬಣ್ಣ ನೋಡೋ ಕಣ್ಣು ಇದು. ಹಳದಿನ ನೀಲಿ ಅಂತೀನಾ?”

ಎಂಜಿನಿಯರ್ ಕಂಪ್ಯೂಟರ್ ಅಕ್ಕನ ಮೇಜಿಗೆ ಹೋಗಿ ಯಂತ್ರ ಚಾಲೂ ಮಾಡಿದಳು. ಪುಟ ತೆರೆದುಕೊಂಡಿತು. ಮೇಲೆ ಅಗಲವಾದ ಹಳದಿ ಪಟ್ಟಿ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಒಂದೊಂದೇ ಮಾತಾಗಿ ಹೇಳಿದಳು. ಪೋರ್ಟಲ್ ತೆರೆಯುವ ಮುಂಚೆ ನೌಕರರಿಗೆ ಕಲಿಸಲು ಥೇಟು ಅದರಂತೆಯೇ ಇನ್ನೊಂದನ್ನು ಕಟ್ಟಿದ್ದರು. ಅದು ಅಭ್ಯಾಸದ ಪುಟ. ಅದರಲ್ಲಿ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ. ಗುರುತಿಗೆ ಹಳದಿ ಪಟ್ಟಿ. ತರಬೇತಿ ಮುಗಿದ ಮೇಲೆ ನಿಜವಾದ ಪುಟದ ವಿಳಾಸವನ್ನು ಶಾಖಾಧಿಕಾರಿಗಳ ಇ-ಮೇಲಿಗೆ ಕಳಿಸಿದ್ದರು. ಇಲ್ಲಿನ ಹಳೆಯ ಶಾಖಾಧಿಕಾರಿಗೆ ಅದೇ ವಾರ ವರ್ಗವಾಗಿ, ಹೊಸಬರು ಬರುವ ತನಕ ಆ ಕುರ್ಚಿ ತಿಂಗಳುಗಟ್ಟಲೆ ಖಾಲಿ ಬಿದ್ದಿತ್ತು. ಅಭ್ಯಾಸದ ಪುಟವನ್ನು ಮುಚ್ಚಬೇಕಿತ್ತು, ನಾಳೆ ನಾಡಿದ್ದು ಎಂದು ತಂಡದವರು ಮುಂದೂಡಿದ್ದರು.

“ಅಂದ್ರೆ ಇಷ್ಟೂ ತಿಂಗಳು ಅವರು...” ಶಾಖಾಧಿಕಾರಿ ಪರದೆಯ ಕಡೆ ಬೆರಳು ಮಾಡಿದರು.

“ಅಭ್ಯಾಸ ಮಾಡ್ತಿದ್ರು,” ಎಂದಳು ಎಂಜಿನಿಯರ್. ಕಣ್ಣಲ್ಲಿ ನೀರಿತ್ತು. “ಎಲ್ಲ ಇಲ್ಲೇ ಇದೆ ಸರ್. ನೂರಕ್ಕೂ ಹೆಚ್ಚು ಜನ. ಕೊಟ್ಟ ತಾರೀಖಿನ ಸಮೇತ. ಈ ಶನಿವಾರ ಇದನ್ನೆಲ್ಲ ಅಳಿಸೋದು ಅಂತ ನಿರ್ಧಾರ ಆಗಿತ್ತು.”

“ಒಂದಕ್ಷರ ಅಳಿಸ್ಬೇಡಿ,” ಎಂದರು ಇನ್‌ಸ್ಪೆಕ್ಟರ್. ಅಲ್ಲೇ ಕೂತು ನೋಟಿಸು ಬರೆದು ಅವಳ ಕೈಗಿತ್ತರು. “ಈಗ ನನ್ನ ಮಗಳದು ಸಿಕ್ತಾ?” ಎಂದು ಇಸ್ತ್ರಿ ಅಂಗಡಿಯವಳು ಮತ್ತೆ ಮತ್ತೆ ಕೇಳುತ್ತಿದ್ದಳು. ಸಿಕ್ಕಿದೆ ಎನ್ನಬೇಕೋ ಇಲ್ಲ ಎನ್ನಬೇಕೋ ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

ಕೇಂದ್ರ ಕಚೇರಿಯ ಉತ್ತರ ಗುರುವಾರ ಬಂತು. ಅಭ್ಯಾಸದ ಪುಟದಲ್ಲಿ ಯಾರು ಏನನ್ನಾದರೂ ಬರೆಯಬಹುದು, ಅವನ್ನು ಅರ್ಜಿ ಎಂದು ಪರಿಗಣಿಸಲು ಬರುವುದಿಲ್ಲ. ಮೂಲ ಕಾಗದಗಳಿದ್ದರೆ ಹಾಜರುಪಡಿಸುವುದು. ಮೂಲ ಕಾಗದಗಳು ಟ್ರೇಯಲ್ಲಿ ಬೂದಿಯಾಗಿದ್ದವು.

ಗುರುವಾರ ಮಧ್ಯಾಹ್ನ ತಾತ ತೀರಿಕೊಂಡ. ಸೋಂಕು ಶ್ವಾಸಕೋಶಕ್ಕೆ ಇಳಿದಿತ್ತೆಂದು ವೈದ್ಯರು ಬರೆದರು. ಎಫ್‌ಐಆರಿಗೆ ಸಾವು ಉಂಟುಮಾಡಿದ ಅಪರಾಧದ ಕಲಮೂ ಸೇರಿತು. ದೇಹವನ್ನು ಪಡೆಯಲು ಸಹಿ ಹಾಕುವವರು ಯಾರೆಂದು ಕೇಳಿದಾಗ ಕಂಪ್ಯೂಟರ್ ಅಕ್ಕ ಮುಂದೆ ಬಂದು ಸಹಿ ಹಾಕಿದಳು. ಸಂಬಂಧ ಎಂಬಲ್ಲಿ ಏನನ್ನೋ ಬರೆಯಲು ಹೋಗಿ, ಬರೆಯದೆ, ಖಾಲಿ ಬಿಟ್ಟಳು.

ಅಂತ್ಯಕ್ರಿಯೆಗೆ ಇನ್‌ಸ್ಪೆಕ್ಟರೂ ದಫೇದಾರನೂ ಸಾದಾ ಬಟ್ಟೆಯಲ್ಲಿ ಹೋಗಿ ಹಿಂದೆ ನಿಂತರು. ಬೆಂಚಿನ ಮೇಲೆ ಕೂರುತ್ತಿದ್ದ ಜನ ಬಹಳ ಮಂದಿ ಬಂದಿದ್ದರು. ಕೋಲು ಊರಿಕೊಂಡವರು, ಗಾಲಿಕುರ್ಚಿಯವರು. ಕಚೇರಿಗೆ ಬಂದವರಿಗೆಲ್ಲ ತಾತ ಕುಡಿಯಲು ನೀರು ಕೊಟ್ಟು ಕೂರಲು ನೆರಳು ತೋರಿಸುತ್ತಿದ್ದನಂತೆ. ಒಂದು ಜೀವ ಭೂಮಿಯ ಮೇಲೆ ಬಂದು ಇಷ್ಟು ಕೆಲಸ ಮಾಡಿ ಹೋಯಿತು ಎಂದುಕೊಂಡು ಇನ್‌ಸ್ಪೆಕ್ಟರ್ ತಲೆ ಬಾಗಿಸಿದರು. ಅವಳು ಎಲ್ಲರಿಗಿಂತ ದೂರ, ಒಂದು ಗೋಡೆಗೆ ಒರಗಿ ನಿಂತಿದ್ದಳು. ಅವತ್ತು ಅವಳನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮಹಿಳಾ ಕಾನ್‌ಸ್ಟೆಬಲ್ ಅವಳನ್ನು ಠಾಣೆಗೆ ಕರೆತಂದಳು. ಇನ್‌ಸ್ಪೆಕ್ಟರ್ ಫ್ಯಾನು ಹಾಕಿಸಿ, ನೀರಿನ ಲೋಟ ಅವಳ ಮುಂದಿಟ್ಟರು.

“ನಿಮ್ಮ ಊಟದ ಚೀಲ ಸೋಮವಾರ ಆರೂವರೆಗೆ ಕುರ್ಚಿ ಮೇಲಿತ್ತು.”

ಅವಳು ಮುಂದಿದ್ದ ಲೋಟವನ್ನು ಮೇಜಿನ ಅಂಚಿಗೆ ಸಮನಾಗಿ ಸರಿಸಿದಳು.

“ಆಮೇಲೆ ಇರಲಿಲ್ಲ. ನೀವೇ ಬಂದು ತಗೊಂಡ್ರಿ. ಅಷ್ಟು ಹೊತ್ತು ಎಲ್ಲಿದ್ರಿ?”

“ಹಿತ್ತಲಲ್ಲಿ.” ಅವಳು ಅಂಗೈಗಳನ್ನು ನೋಡಿಕೊಂಡಳು. “ನಲ್ಲಿಯಲ್ಲಿ ಕೈ ತೊಳೀತಿದ್ದೆ. ಮಸಿ ಹೋಗ್ತಿರಲಿಲ್ಲ. ನಲ್ಲಿ ಸದ್ದಿಗೆ ಏನೂ ಕೇಳಿಸ್ಲಿಲ್ಲ. ಹೊರಗಿಂದ ಸುತ್ತಿ ಬಂದು ಚೀಲ ತಗೊಂಡೆ. ತಾತ ಕಾಣ್ಲಿಲ್ಲ, ಚಹಾಕ್ಕೆ ಹೋಗಿದ್ದಾರೆ ಅಂದ್ಕೊಂಡೆ. ತಿರುವಿನ ತನಕ ಹೋಗಿದ್ದೆ ಸರ್. ಜನ ಕೂಗಿದ್ರು, ಒಳಗೆ ಮನುಷ್ಯ ಇದ್ದಾನೆ ಅಂತ.”

ಇನ್‌ಸ್ಪೆಕ್ಟರ್ ಕೈ ಎತ್ತಿ ತಡೆದರು. “ಒಂದು ನಿಮಿಷ. ನನ್ನ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲಲ್ಲ. ಹೇಳಲೇಬೇಕು ಅಂತ ನಾನು ಒತ್ತಾಯ ಮಾಡೋ ಹಾಗೂ ಇಲ್ಲ. ಆದ್ರೆ ಒಂದು ವಿಷಯ ನಿಮಗೆ ತಿಳಿಸ್ಬೇಕು.”

ಅವರು ಕೇಂದ್ರ ಕಚೇರಿಯ ಉತ್ತರವನ್ನು ಓದಿ ಹೇಳಿದರು. ಹಳದಿ ಪುಟದ ಹೆಸರುಗಳೆಲ್ಲ ಹಾಗೇ ಇವೆಯೆಂದೂ, ಆದರೆ ಇಲಾಖೆಯ ಲೆಕ್ಕದಲ್ಲಿ ಅವು ಸುಮ್ಮನೆ ಅಭ್ಯಾಸಕ್ಕೆ ಬರೆದ ಹೆಸರುಗಳೆಂದೂ ಹೇಳಿದರು.

“ಅವು ಅಭ್ಯಾಸ ಅಲ್ಲ, ನಿಜವಾದ ಜನ ಬಂದು ಕೈಯಾರೆ ಕೊಟ್ಟದ್ದು, ಇಂಥ ದಿನವೇ ಕೊಟ್ಟದ್ದು ಅಂತ ಹೇಳೋಕೆ ಈ ಭೂಮಿ ಮೇಲೆ ಒಬ್ಬರೇ ಇದ್ದಾರೆ. ಅದನ್ನ ಹೇಳಿದ್ರೆ, ಕಾಗದ ಏನಾಯ್ತು ಅನ್ನೋದನ್ನೂ ಹೇಳ್ಬೇಕಾಗುತ್ತೆ. ನ್ಯಾಯಾಧೀಶರ ಮುಂದೆ. ಯೋಚನೆ ಮಾಡಿ. ವಕೀಲರನ್ನ ಕೇಳಿ. ನಾನು ಕಾಯ್ತೀನಿ.”

“ಹೇಳಿದ್ರೆ ಆ ಮಗುಗೆ ಸಿಗುತ್ತಾ?”

“ಗೊತ್ತಿಲ್ಲ. ಹೇಳದಿದ್ರೆ ಸಿಗಲ್ಲ ಅನ್ನೋದು ಗೊತ್ತು.”

ಅವಳು ನೀರು ಕುಡಿದಳು. ಲೋಟವನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು.

“ವಕೀಲರು ಬೇಡ ಸರ್. ಹೇಳ್ತೀನಿ.”

ಹೇಳಿದಳು. ತರಬೇತಿಯಲ್ಲಿ ಉಳಿದವರೆಲ್ಲ ಕೈಯೆತ್ತಿ ಪ್ರಶ್ನೆ ಕೇಳುತ್ತಿದ್ದರು, ಇವಳು ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಕಲಿತವಳೆಂದು ಹೆಸರಾಯಿತು. ಹಳದಿ ಪಟ್ಟಿ ಯಾಕೆಂದು ಒಂದು ಸಲ ಮನಸ್ಸಿಗೆ ಬಂದದ್ದುಂಟು. ಒಂದೊಂದು ಶಾಖೆಗೆ ಒಂದೊಂದು ಬಣ್ಣ ಕೊಟ್ಟಿರಬೇಕು ಎಂದುಕೊಂಡು ಸುಮ್ಮನಾದಳು. ಮೇಲೇರಿಸಿದ ಅರ್ಜಿಗಳ ಬಗ್ಗೆ ಮೇಲಿನವರು ಚಕಾರವೆತ್ತಲಿಲ್ಲ. ತಪ್ಪಿಲ್ಲದ್ದಕ್ಕೇ ಯಾರೂ ಕೇಳುತ್ತಿಲ್ಲ ಎಂದು ತಿಳಿದಳು. ಆಮೇಲೆ ವೇದಿಕೆಗೆ ಕರೆದರು, ಶಾಲು ಹೊದಿಸಿದರು, ಫಲಕ ಕೊಟ್ಟರು. ತಿರುಗಿ ಬರುವ ಬಸ್ಸಿನಲ್ಲಿ ಬೇರೆ ಶಾಖೆಯವಳೊಬ್ಬಳು ಪಕ್ಕ ಕೂತಿದ್ದಳು.

“ಮಾತಿಗೆ ಅಂತ ಕೇಳಿದೆ ಸರ್, ನಿಮ್ಮ ಶಾಖೆದು ಯಾವ ಬಣ್ಣ ಅಂತ. ನೀಲಿ ಅಂದ್ಲು. ಹಿಂದಿನ ಸೀಟಿನವಳೂ ನೀಲಿ ಅಂದ್ಲು. ‘ಎಲ್ಲರದೂ ನೀಲಿನೇ ಅಲ್ವೇನೇ, ಹಳದಿ ಅಂದ್ರೆ ಆ ಪ್ರಾಕ್ಟೀಸಿನದು’ ಅಂತ ನಕ್ಕಳು. ಫಲಕ ತೊಡೆ ಮೇಲಿತ್ತು. ನಾನೂ ನಕ್ಕೆ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನಾಳೆ ಹೇಳ್ತೀನಿ ಅಂತಲೇ ದಿನಾ ಮಲಗ್ತಿದ್ದೆ.”

ಮೊದಲು ನೀಲಿ ಪುಟದ ವಿಳಾಸ ಹೇಗೋ ಹುಡುಕಿಕೊಂಡು, ತಾನೇ ಎಲ್ಲವನ್ನೂ ಅದಕ್ಕೆ ಏರಿಸಿಬಿಡೋಣವೆಂದು ಹೊರಟಿದ್ದಳು. ಕೈಗೆ ಬಂದ ಮೊದಲನೆಯದೇ ಇಸ್ತ್ರಿ ಅಂಗಡಿಯವಳ ಮಗಳದು. ವಯೋಮಿತಿ ಮೀರಿದೆ ಎಂದು ಕೆಂಪಕ್ಷರದಲ್ಲಿ ಬಂತು. ಉಳಿದವರೆಲ್ಲ ಸಾಲಿನ ಕೊನೆಗೆ ಹೋಗುತ್ತಿದ್ದರು. ಆಗ ಅವಳಿಗೆ ಹಳೆಯದೊಂದು ನೆನಪಾಯಿತು. ಹಿಂದೊಮ್ಮೆ ಹೊಳೆ ನೀರು ಕಚೇರಿಗೆ ನುಗ್ಗಿ ಕಡತಗಳು ಕೊಳೆತಾಗ, ಇಲಾಖೆಯೇ ಎಲ್ಲರಿಂದ ಹೊಸದಾಗಿ ಅರ್ಜಿ ತೆಗೆದುಕೊಂಡು ಹಳೆಯ ತಾರೀಖನ್ನೇ ಹಾಕಿಕೊಟ್ಟಿತ್ತು. ಆಪತ್ತು ಬಂದರೆ ಯಾರ ತಪ್ಪೂ ಅಲ್ಲ, ಯಾರಿಗೂ ನಷ್ಟವಿಲ್ಲ.

“ಆ ಒಂದು ಕಪಾಟು ಸುಟ್ರೆ ಸಾಕಿತ್ತು. ಹಳೇ ತಾರೀಖು ಸಿಕ್ಬಿಡುತ್ತೆ, ಮಗುಗೂ ಸಿಗುತ್ತೆ, 'ಅಕ್ಕಂದು ತಪ್ಪಾಯ್ತು' ಅಂತ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.” ಅವಳು ಮುಖ ಎತ್ತಿದಳು. “ಈಗ ಠಾಣೆ ಬಾಗಿಲಲ್ಲಿ ಆ ಎಂಜಿನಿಯರ್ ಹುಡುಗಿ ಸಿಕ್ಕಿ ಹೇಳಿದ್ಲು. ಹೊಸ ಪೋರ್ಟಲಿನಲ್ಲಿ ಹಳೇ ತಾರೀಖು ಹಾಕೋಕೆ ಯಾರ ಕೈಲೂ ಆಗಲ್ಲವಂತೆ. ಯಂತ್ರವೇ ಅವತ್ತಿನ ದಿನ ಹಾಕಿಬಿಡುತ್ತಂತೆ. ಇದನ್ನಾದ್ರೂ ತರಬೇತಿ ದಿನ ಕೇಳ್ಬಹುದಿತ್ತು ನಾನು.”

ಬಾಗಿಲ ಬಳಿ ನಿಂತಿದ್ದ ದಫೇದಾರ ಹೊರಗೆ ಹೋದ.

ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಅವಳು ಎಲ್ಲವನ್ನೂ ಮತ್ತೆ ಹೇಳಿದಳು. ಎಂಜಿನಿಯರ್ ತಂದ ಹೆಸರುಗಳನ್ನು ಒಂದೊಂದಾಗಿ ಓದಿದಾಗ, ಯಾರು ಯಾವ ಬೆಳಗ್ಗೆ ಬಂದಿದ್ದರು, ಯಾರ ಜೊತೆ ಯಾರಿದ್ದರು ಎಂದು ತಡವರಿಸದೆ ಹೇಳಿದಳು. ಅದಕ್ಕೇ ಸಂಜೆಯವರೆಗೆ ಹಿಡಿಯಿತು. ಹೇಳಿಕೆಯ ಪ್ರತಿಯನ್ನು ಇನ್‌ಸ್ಪೆಕ್ಟರ್ ಅಂದೇ ಕೇಂದ್ರ ಕಚೇರಿಗೆ ಕಳಿಸಿದರು. ಮೂಲ ಕಾಗದಕ್ಕೆ ಬದಲಾಗಿ ಇದನ್ನು ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿರಲಿಲ್ಲ. ಆದರೂ ಎಂಜಿನಿಯರ್, ಮಗುವಿನ ಹೆಸರು ಎಲ್ಲಕ್ಕಿಂತ ಮೇಲೆ ಬರುವಂತೆ ತಾನೇ ಕೂತು ಜೋಡಿಸಿ ಕೊಟ್ಟು ಹೋದಳು.

ಆರು ಗಂಟೆಗೆ ಬಂಧನದ ದಾಖಲೆ ಬರೆದರು.

“ವಿಷಯ ಯಾರಿಗೆ ತಿಳಿಸ್ಬೇಕಮ್ಮ?”

“ಯಾರಿಗಾದ್ರೂ ತಿಳಿಸಲೇಬೇಕಾ ಸರ್?”

“ಕಾನೂನು.”

“ದೊಡ್ಡಕ್ಕ ಇದ್ದಾಳೆ. ಅಮ್ಮ ಹೋದ್ಮೇಲೆ ಸಾಕಿದೋಳು.” ನಂಬರು ಹೇಳಿದಳು.

ಇನ್‌ಸ್ಪೆಕ್ಟರ್ ತಾವೇ ಫೋನು ಮಾಡಿದರು. ಆ ಕಡೆಯಿಂದ ಬಂದದ್ದು ಗಟ್ಟಿ ದನಿಯ ಮುದುಕಿಯ ಮಾತು. ಪೊಲೀಸ್ ಠಾಣೆ ಎಂದ ತಕ್ಷಣ ಅದು ಇನ್ನೂ ಗಟ್ಟಿಯಾಯಿತು, ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು.

“ನಮ್ಮ ಹುಡುಗೀನಾ? ನೀವು ಬೇರೆ ಯಾರನ್ನೋ ಅಂದ್ಕೊಂಡಿದ್ದೀರಿ ಸ್ವಾಮಿ. ಅವಳು ತಪ್ಪು ಮಾಡೋಳಲ್ಲ. ಚಿಕ್ಕಂದಿನಿಂದ್ಲೂ ಅಷ್ಟೇ. ಒಂದು ಲೆಕ್ಕ ತಪ್ಪಿ ಬಂದ್ರೆ ಊಟ ಬಿಡ್ತಿದ್ದಳು. ನಾನೇ ಹಾಗೆ ಬೆಳೆಸಿದ್ದು. ತಪ್ಪಾಯ್ತು ಅಂತ ನನ್ನ ಮುಂದೆ ಒಂದು ದಿನ ನಿಂತವಳಲ್ಲ. ಕೇಳಿಸ್ತಾ ಸ್ವಾಮಿ? ಒಂದು ದಿನ!”

ಇನ್‌ಸ್ಪೆಕ್ಟರ್ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು. ಮೇಜಿನ ಆಚೆ ಕೂತವಳು ತಲೆ ತಗ್ಗಿಸಿ, ಬೈಸಿಕೊಳ್ಳುವ ಮಗುವಿನಂತೆ, ಎರಡೂ ಕೈಗಳನ್ನು ತೊಡೆಯ ಮೇಲೆ ನೇರವಾಗಿ ಇಟ್ಟುಕೊಂಡಿದ್ದಳು.

“ಅವರು ಇಲ್ಲೇ ಇದ್ದಾರೆ ತಾಯಿ,” ಎಂದರು ಇನ್‌ಸ್ಪೆಕ್ಟರ್. “ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಂತೆ.”

ಅವರು ಫೋನನ್ನು ಅವಳ ಕಡೆಗೆ ಚಾಚಿದರು.